ಕುಂಡ ಮೀರಿ ಬೆಳೆದ ಆರ್ಕಿಡ್: ಉಳಿಸಿಕೊಳ್ಳುವುದು, ಬುಡ ಒಡೆದು ನೆಡುವುದು

ಮುಂಬೈ, ಗೋವಾ, ಪುಣೆಯ ಮನೆಗಳಲ್ಲಿ ಆರೇಳು ವರ್ಷ ಒಂದೇ ಕುಂಡದಲ್ಲಿದ್ದ ಡೆಂಡ್ರೋಬಿಯಂ ಅಥವಾ ಕ್ಯಾಟ್ಲಿಯಾ ಆರ್ಕಿಡ್ ದೂರದಿಂದ ನೋಡಿದರೆ ಸೊಂಪಾಗಿಯೇ ಕಾಣುತ್ತದೆ. ಇಪ್ಪತ್ತು ಮೂವತ್ತು ಕೋಲು (ಉದ್ದನೆಯ ಕಾಂಡ), ಅಂಚು ದಾಟಿ ನೇತಾಡುವ ಬೇರು, ಕಿಟಕಿಯ ಗ್ರಿಲ್ಲಿಗೆ ಅಂಟಿಕೊಂಡ ಇನ್ನಷ್ಟು ಬೇರು. ಹೂ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆ. ಇಂಥ ಗಿಡ ಕಂಡೊಡನೆ ಹತ್ತು ತುಂಡು ಮಾಡಿ ಬಿಲ್ಡಿಂಗಿನವರಿಗೂ ನೆಂಟರಿಗೂ ಹಂಚಿಬಿಡೋಣ ಅನ್ನಿಸುತ್ತದೆ. ಹಾಗೆ ಹಂಚಿದ ಸಣ್ಣ ತುಂಡುಗಳು ಎರಡು ಮೂರು ವರ್ಷ ಹೂ ಬಿಡುವುದಿಲ್ಲ. ಕೆಲವು ಮೊದಲ ಮಳೆಗಾಲವನ್ನೇ ದಾಟುವುದಿಲ್ಲ. ಬೇರು ಚೇತರಿಸಿಕೊಳ್ಳುವ ಮೊದಲೇ ಚಾಕು ಹಿಡಿಯುವುದರಿಂದ ಆಗುವ ನಷ್ಟ ಇದು.

ಗಿಡ ದೊಡ್ಡದಾಯಿತು ಎಂಬುದೊಂದೇ ಒಡೆಯಲು ಕಾರಣವಾಗಬಾರದು. ಬೇರು ಗಟ್ಟಿಯಿದ್ದು, ಹೂ ಚೆನ್ನಾಗಿ ಬರುತ್ತಿದ್ದರೆ ಒಂದು ಅಳತೆ ದೊಡ್ಡ ಕುಂಡಕ್ಕೆ ಇಡಿಯಾಗಿ ಇಳಿಸಿ. ನಾಲ್ಕಾರು ಮೊಳಕೆ ಒಟ್ಟಿಗೆ ಹೂ ಬಿಡುವ ದೊಡ್ಡ ಬುಡದ ಚಂದ ಸಣ್ಣ ಕುಂಡಗಳ ಸಾಲಿಗೆ ಬರುವುದಿಲ್ಲ.

ಮೊದಲು ಬೇರು ನೋಡಿ

ಗೆಡ್ಡೆಗಳು, ಅಂದರೆ ನೀರು ಕೂಡಿಡುವ ಉಬ್ಬಿದ ಕಾಂಡಗಳು, ಸುಕ್ಕುಗಟ್ಟಿವೆಯೇ? ಸುಕ್ಕಿಗೆ ಎರಡು ಕಾರಣ, ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ. ಕುಂಡಕ್ಕೆ ತುಂಬಿದ ಇದ್ದಿಲು, ಸಿಪ್ಪೆಯ ಮಿಶ್ರಣ ಒಣಗಿ ಕುಂಡ ಹಗುರಾಗಿದ್ದರೆ ಅದು ಬಾಯಾರಿಕೆ. ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ, ಹೀಗೆ ವಾರದಲ್ಲಿ ಎರಡು ಸಲ ಮಾಡಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಮಿಶ್ರಣ ಒದ್ದೆಯಿದ್ದೂ ಗೆಡ್ಡೆ ಸುಕ್ಕಾಗಿದ್ದರೆ ನೀರು ಹೀರಲು ಬೇರೇ ಉಳಿದಿಲ್ಲ ಎಂದರ್ಥ. ಆಗ ಇನ್ನೂ ನೀರು ಹಾಕುವುದು ಗಿಡವನ್ನು ಬೇಗ ಮುಗಿಸುವ ದಾರಿ.

ಒಂದು ಬೇರನ್ನು ಎರಡು ಬೆರಳ ನಡುವೆ ಒತ್ತಿ ನೋಡಿ. ಒಣಗಿದ್ದಾಗ ಬೆಳ್ಳಿಬಿಳುಪು, ನೀರು ತಾಗಿದರೆ ಹಸಿರು, ಒತ್ತಿದರೆ ಗಟ್ಟಿ: ಇದು ಜೀವಂತ ಬೇರು. ಕಂದು ಬಣ್ಣಕ್ಕೆ ತಿರುಗಿ, ಒತ್ತಿದಾಗ ಮೇಲಿನ ಪೊರೆ ಜಾರಿ ಕೈಗೆ ಬಂದು, ಒಳಗೊಂದು ದಾರ ಮಾತ್ರ ಉಳಿದರೆ ಅದು ಸತ್ತದ್ದು. ಬಣ್ಣ ನೋಡಿ ಮಾತ್ರ ತೀರ್ಮಾನಿಸಬೇಡಿ. ಇದ್ದಿಲಿನ ಕಪ್ಪು, ತೆಂಗಿನ ಸಿಪ್ಪೆಯ ಕಂದು ಒಳ್ಳೆಯ ಬೇರಿಗೂ ಹಿಡಿದಿರುತ್ತವೆ.

ಹಳೆಯ ಕುಂಡದ ನಡುವೆ ಬೆರಳು ಹಾಕಿದರೆ ಕಪ್ಪು ಗೊಬ್ಬರದಂಥ ಮೆತ್ತನೆಯ ಪುಡಿ ಸಿಗುತ್ತದೆ. ತೆಂಗಿನ ಸಿಪ್ಪೆಯೋ ತೊಗಟೆಯೋ ಎರಡು ಮೂರು ವರ್ಷದಲ್ಲಿ ಕೊಳೆತು ಆದದ್ದು ಇದು. ಆರ್ಕಿಡ್ ಬೇರಿನ ಬಿಳಿ ಪೊರೆಗೆ ನೀರಿನಷ್ಟೇ ಗಾಳಿಯೂ ಬೇಕು. ಈ ಪುಡಿ ಗಾಳಿಯ ಜಾಗವನ್ನೆಲ್ಲ ಮುಚ್ಚುತ್ತದೆ. ಹಾಗಾಗಿಯೇ ಸುತ್ತ ಹಸಿರು, ನಡುವೆ ಬೋಳು. ನಡು ಬೋಳಾದ ಗಿಡವನ್ನು ಒಡೆಯಲೇಬೇಕು.

ಯಾವುದನ್ನು ಒಡೆಯಬಹುದು

ಅಡ್ಡ ಹರಿಯುವ ಬುಡಕಾಂಡದ ಮೇಲೆ ಒಂದರ ಮುಂದೊಂದು ಗೆಡ್ಡೆ ಅಥವಾ ಕೋಲು ಎಬ್ಬಿಸುವ ಜಾತಿಗಳನ್ನು ಒಡೆಯಬಹುದು: ಡೆಂಡ್ರೋಬಿಯಂ, ಕ್ಯಾಟ್ಲಿಯಾ, ಹಳದಿ ಹೂವಿನ ಆನ್ಸಿಡಿಯಂ. ಒಂದೇ ಕಾಂಡವಾಗಿ ಮೇಲಕ್ಕೆ ಹೋಗುವ ವಾಂಡಾ, ಮೊಕಾರಾ, ಫೆಲನಾಪ್ಸಿಸ್ ಇವುಗಳನ್ನು ಹೀಗೆ ಒಡೆಯಲು ಬರುವುದಿಲ್ಲ. ವಾಂಡಾ ವಿಚಾರ ಕೊನೆಯಲ್ಲಿದೆ.

ತಿಂಗಳಿಗಿಂತ ಬೇರಿನ ಮಾತು ಕೇಳಿ

ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ಹಳೆಯ ಬೇರು ಹಳೆಯ ಮಿಶ್ರಣಕ್ಕೆ ಹೊಂದಿಕೊಂಡು ಬೆಳೆದದ್ದು. ಕಿತ್ತು ಬೇರೆಡೆ ಇಟ್ಟರೆ ಅದರಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಸಾಯುತ್ತದೆ. ಆ ಹೊತ್ತಿಗೆ ಹೊಸ ಬೇರು ಬಂದಿರಬೇಕು, ಇಲ್ಲದಿದ್ದರೆ ಗೆಡ್ಡೆಯಲ್ಲಿ ಕೂಡಿಟ್ಟ ನೀರು ತೀರಿ ಗಿಡ ಕುಗ್ಗುತ್ತದೆ. ಹೊಸ ಮೊಳಕೆಯ ಬುಡದಲ್ಲಿ ಅರ್ಧದಿಂದ ಒಂದು ಸೆಂಟಿಮೀಟರ್‌ನಷ್ಟು ಹಸಿರು ಅಥವಾ ಕೆನ್ನೀಲಿ ಗುಬುಟು ಕಾಣಿಸಿದ ವಾರವೇ ಸರಿಯಾದ ಹೊತ್ತು. ಮೂರು ಸೆಂಟಿಮೀಟರ್ ಆಗಲಿ ಎಂದು ಕಾದರೆ ನೆಡುವಾಗ ತುದಿ ಮುರಿಯುತ್ತದೆ. ಅಷ್ಟು ಗಿಡ್ಡ ಬೇರು ತುದಿ ಕಳೆದುಕೊಂಡರೆ ಬಹಳ ಸಲ ಅಲ್ಲಿಗೇ ನಿಂತುಬಿಡುತ್ತದೆ.

ಕ್ಯಾಟ್ಲಿಯಾದಲ್ಲಿ ಒಂದು ಸೂಕ್ಷ್ಮವಿದೆ. ಗೆಡ್ಡೆಗೊಂದೇ ಎಲೆಯಿರುವ ಬಗೆಯವು ಸಾಮಾನ್ಯವಾಗಿ ಮೊಳಕೆ ಬೆಳೆಯುತ್ತಿರುವಾಗಲೇ ಬೇರು ಬಿಡುತ್ತವೆ. ಎರಡೆಲೆಯವುಗಳಲ್ಲಿ ಹಲವು, ಗೆಡ್ಡೆ ಪೂರ್ತಿ ಬಲಿತ ಮೇಲಷ್ಟೇ ಬೇರು ಬಿಡುವುದು. ಮೊಳಕೆ ಕಂಡಿತೆಂದು ಎರಡೆಲೆಯ ಕ್ಯಾಟ್ಲಿಯಾಕ್ಕೆ ಕೈ ಹಾಕಿದರೆ ತಿಂಗಳುಗಟ್ಟಲೆ ಬೇರಿಲ್ಲದೆ ಕೂರುತ್ತದೆ.

ಮುಂಬೈ ಮತ್ತು ಗೋವಾದಲ್ಲಿ ಈ ಹೊತ್ತು ಹೆಚ್ಚಾಗಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಬರುತ್ತದೆ. ಜೂನ್ ಎರಡನೇ ವಾರಕ್ಕೆ ಮಳೆ ಹಿಡಿಯುವ ಹೊತ್ತಿಗೆ ಗಾಯ ಒಣಗಿ, ಹೊಸ ಬೇರು ಒಂದು ಗೇಣಿನತ್ತ ಹೊರಟಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಬೇಡ. ಆ ತೇವದಲ್ಲಿ ಕೊಯ್ದ ಜಾಗ ಒಣಗುವ ಮಾತೇ ಇಲ್ಲ. ಪುಣೆಯ ಲೆಕ್ಕ ಬೇರೆ. ಅಲ್ಲಿ ಡಿಸೆಂಬರ್, ಜನವರಿ ರಾತ್ರಿಯ ಚಳಿಗೆ ಡೆಂಡ್ರೋಬಿಯಂ ಬೆಳವಣಿಗೆ ನಿಲ್ಲಿಸಿ ಎಲೆ ಉದುರಿಸುತ್ತದೆ, ಏಪ್ರಿಲ್‌ನ ಒಣ ಬಿಸಿಲು ಹೊಸ ಬೇರಿನ ತುದಿಯನ್ನು ಸುಡುತ್ತದೆ. ಮಾರ್ಚ್ ಮೊದಲರ್ಧದಲ್ಲಿ ಗುಬುಟು ಕಂಡರೆ ಸರಿ. ತಪ್ಪಿದರೆ ಮೊದಲ ಮಳೆ ಬಿದ್ದು ಗಾಳಿ ತಂಪಾದ ಜೂನ್ ಕೊನೆಯಲ್ಲಿ, ಮಳೆಹನಿ ಬೀಳದ ಮಾಡಿನ ಕೆಳಗೆ ಮಾಡಬಹುದು. ಪುಣೆಯ ಮಳೆ ಕರಾವಳಿಯಷ್ಟು ಜಡಿಯುವುದಿಲ್ಲವಾದ್ದರಿಂದ ಇದು ಅಲ್ಲಿ ನಡೆಯುತ್ತದೆ.

ಬೇಕಾದ ಸಾಮಾನು

ಕುಂಡ ಮಣ್ಣಿನದೇ ಒಳ್ಳೆಯದು, ಅಕ್ಕಪಕ್ಕ ತೂತಿರುವುದು. ಮುಂಬೈಯಲ್ಲಿ ಧಾರಾವಿಯ ಕುಂಭಾರವಾಡದಲ್ಲಿ, ಗೋವಾದಲ್ಲಿ ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಕುಂಡ ಸಿಗುತ್ತವೆ. ಪುಣೆಯ ಒಣ ಗಾಳಿಗೆ ಪ್ಲಾಸ್ಟಿಕ್ ಕುಂಡವೂ ಆದೀತು, ತೇವ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ನಾಲ್ಕು ಗೆಡ್ಡೆಯ ಕ್ಯಾಟ್ಲಿಯಾ ತುಂಡಿಗೆ 5 ಅಥವಾ 6 ಇಂಚು, ನಾಲ್ಕು ಕೋಲಿನ ಡೆಂಡ್ರೋಬಿಯಂಗೆ 4 ಇಂಚು ಸಾಕು. ಡೆಂಡ್ರೋಬಿಯಂಗೆ ದೊಡ್ಡ ಕುಂಡ ಕೊಡಬೇಡಿ. ಬೇರು ಹಬ್ಬದ ಜಾಗವೆಲ್ಲ ತೇವ ಹಿಡಿದು ಕೊಳೆಯುತ್ತದೆ.

ಇದ್ದಿಲು ಕಟ್ಟಿಗೆಯದ್ದಾಗಿರಲಿ. ಇಸ್ತ್ರಿ ಮಾಡುವವರು ಕೊಳ್ಳುವ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಬಾರ್ಬೆಕ್ಯೂಗೆಂದು ಮಾರುವ, ಅಚ್ಚೊತ್ತಿದ ಉಂಡೆಗಳು ಬೇಡ. ಒಂದೇ ಅಳತೆಗೆ ಒಡೆದು, ಜರಡಿ ಹಿಡಿದು, ಪುಡಿ ಬಿಸಾಡಿ, ಒಂದು ರಾತ್ರಿ ನೀರಲ್ಲಿಡಿ. ಇಟ್ಟಿಗೆ ಚೂರು, ಇಲ್ಲವೇ ಗೋವಾದಲ್ಲಿ ಮಾಡು ರಿಪೇರಿಯಾದಾಗಲೆಲ್ಲ ರಾಶಿ ಬೀಳುವ ಮಂಗಳೂರು ಹೆಂಚಿನ ಚೂರು, ಎರಡೂ ಒಂದೇ. ತೆಂಗಿನ ಸಿಪ್ಪೆಯನ್ನು ಒಂದೆರಡು ಸೆಂಟಿಮೀಟರ್ ತುಂಡು ಮಾಡಿ. ಕರಾವಳಿಯ ಸಿಪ್ಪೆಯಲ್ಲಿ ಉಪ್ಪು ಇರುತ್ತದೆ. ಊರಿಂದ ಬಸ್ಸಿನಲ್ಲಿ ಬಂದ ಕಾಯಿಯ ಸಿಪ್ಪೆಯೂ ಇದಕ್ಕೆ ಹೊರತಲ್ಲ. ಮೂರು ದಿನ ನೆನೆಸಿ, ದಿನಾ ನೀರು ಚೆಲ್ಲಿ, ಚಹಾದ ಬಣ್ಣ ಬಿಡುವುದು ನಿಂತ ಮೇಲೆ ಬಳಸಿ. ಈ ಒಂದು ಕೆಲಸ ಬಿಟ್ಟದ್ದರಿಂದ ತುದಿ ಕಪ್ಪಾಗಿ ಸತ್ತ ಬೇರುಗಳು ಲೆಕ್ಕವಿಲ್ಲ.

ಅಳತೆ: ಮುಂಬೈ, ಗೋವಾಕ್ಕೆ ಇದ್ದಿಲು 2 ಪಾಲು, ಇಟ್ಟಿಗೆ ಅಥವಾ ಹೆಂಚು 2 ಪಾಲು, ಸಿಪ್ಪೆ 1 ಪಾಲು. ಪುಣೆಗೆ ಇದ್ದಿಲು 2, ಸಿಪ್ಪೆ 2, ಇಟ್ಟಿಗೆ 1. ಚೂರಿನ ಗಾತ್ರ ಕ್ಯಾಟ್ಲಿಯಾಕ್ಕೆ 2-3 ಸೆಂ.ಮೀ., ಬೇರು ತೆಳುವಾಗಿರುವ ಆನ್ಸಿಡಿಯಂಗೆ 1-1.5 ಸೆಂ.ಮೀ.

ಉಳಿದಂತೆ ಚೂಪಾದ ಚಾಕು ಅಥವಾ ಕತ್ತರಿ, ಗ್ಯಾಸ್ ಒಲೆ, ಚಕ್ಕೆ (ದಾಲ್ಚಿನ್ನಿ) ಪುಡಿ, ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ, ಕೈಗವಸು, ಬಿದಿರು ಕಡ್ಡಿ, ಹತ್ತಿ ದಾರ, ಸೀಸದಕಡ್ಡಿಯಲ್ಲಿ ಬರೆದ ಹೆಸರು ಚೀಟಿ. ಪೆನ್ನಿನ ಬರಹ ಒಂದು ಮಳೆಗಾಲಕ್ಕೆ ಅಳಿಸಿಹೋಗುತ್ತದೆ.

ಚಾಕುವಿನ ವಿಷಯದಲ್ಲಿ ಉದಾಸೀನ ಬೇಡ. ಸಿಂಬಿಡಿಯಂ ಮೊಸಾಯಿಕ್ ಮತ್ತು ಒಡಾಂಟೊಗ್ಲಾಸಮ್ ರಿಂಗ್‌ಸ್ಪಾಟ್ ಎಂಬ ಎರಡು ವೈರಸ್‌ಗಳು ಗಿಡದ ರಸದ ಮೂಲಕ, ಅಂದರೆ ನಿಮ್ಮ ಚಾಕುವಿನ ಮೂಲಕವೇ ಹರಡುತ್ತವೆ, ತಗುಲಿದ ಮೇಲೆ ಔಷಧವಿಲ್ಲ. ಸ್ಯಾನಿಟೈಸರ್ ಒರೆಸಿದರೆ ಇವು ಹೋಗುತ್ತವೆಂಬ ಭರವಸೆಯಿಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಒಲೆಯ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಆರಿಸಿ. ಅಷ್ಟು ಸಹನೆ ಇಲ್ಲದವರು ಗಿಡಕ್ಕೊಂದು ಶೇವಿಂಗ್ ಬ್ಲೇಡ್ ಇಟ್ಟುಕೊಳ್ಳಲಿ. ಹಳೆಯ ಕುಂಡ ಮತ್ತೆ ಬಳಸುವುದಾದರೆ ಉಜ್ಜಿ ತೊಳೆದು, 1 ಪಾಲು ಬ್ಲೀಚಿಗೆ 9 ಪಾಲು ನೀರು ಸೇರಿಸಿ ಅರ್ಧ ಗಂಟೆ ಮುಳುಗಿಸಿ, ಬಳಿಕ ವಾಸನೆ ಹೋಗುವ ತನಕ ಸ್ವಚ್ಛ ನೀರಲ್ಲಿಡಿ.

ಬಿಡಿಸುವ ಕ್ರಮ

ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಒಣ ಬೇರು ಗಾಜಿನಂತೆ ಮುರಿಯುತ್ತದೆ, ನೆಂದ ಬೇರು ಬಾಗುತ್ತದೆ. ತೆಳು ಚಾಕುವನ್ನು ಕುಂಡದ ಒಳಗೋಡೆಗುಂಟ ಒಂದು ಸುತ್ತು ತಿರುಗಿಸಿ. ಮಣ್ಣಿನ ಕುಂಡಕ್ಕೆ ಬೇರು ಕಚ್ಚಿಕೊಂಡಿದ್ದರೆ ಕಿತ್ತಾಡಬೇಡಿ, ಸುತ್ತಿಗೆಯಿಂದ ಕುಂಡವನ್ನೇ ಒಡೆಯಿರಿ. ಬೇರಿಗೆ ಅಂಟಿದ ಚೂರುಗಳು ಹಾಗೇ ಇದ್ದರೆ ನಷ್ಟವಿಲ್ಲ, ಅವನ್ನೂ ಸೇರಿಸಿಯೇ ನೆಡಬಹುದು. ಗ್ರಿಲ್ಲಿಗೆ ಅಂಟಿದ ಬೇರನ್ನು ಒದ್ದೆ ಮಾಡಿ ಬೆಣ್ಣೆ ಚಾಕುವಿನಿಂದ ಬಿಡಿಸಿ. ಬರದಿದ್ದರೆ ಕತ್ತರಿಸಿ, ಗಟ್ಟಿ ಬೇರು ಹಿಂದಿನಿಂದ ಕವಲೊಡೆಯಬಹುದು.

ನಳದ ಕೆಳಗೆ ಹಿಡಿದು ಕಪ್ಪು ಪುಡಿಯನ್ನೆಲ್ಲ ತೊಳೆದುಹಾಕಿ. ಸತ್ತ ಬೇರು ಕತ್ತರಿಸಿ. ಜೀವಂತ ಹಳೆ ಬೇರನ್ನು ಪೂರ್ತಿ ತೆಗೆಯದೆ, ತೀರಾ ಉದ್ದದವನ್ನು ಹತ್ತು ಹನ್ನೆರಡು ಸೆಂಟಿಮೀಟರ್‌ಗೆ ಮೊಟಕು ಮಾಡಿ. ಗಿಡ ಅಲುಗದಂತೆ ಹಿಡಿಯಲು ಅವು ಬೇಕು. ಗೆಡ್ಡೆ ಸುತ್ತಿದ ಒಣ ಕಾಗದದಂಥ ಪೊರೆಯನ್ನು ಮೆಲ್ಲಗೆ ಸುಲಿದು ನೋಡಿ. ಹುರುಪೆ ಕೀಟ, ಹಿಟ್ಟು ತಿಗಣೆ ಮನೆಮಾಡುವುದು ಅಲ್ಲೇ. ಬಿಳಿ ಪುಡಿ ಹಿಡಿದಂತೆ ಕಂಡರೆ ಹಳೆಯ ಟೂತ್‌ಬ್ರಷ್ಷನ್ನು ಸೋಪಿನ ನೀರಲ್ಲದ್ದಿ ಉಜ್ಜಿ.

ಈಗ ಬುಡವನ್ನು ಪೇಪರಿನ ಮೇಲೆ ಇಟ್ಟು ಸುಮ್ಮನೆ ನೋಡಿ. ಅವಸರದ ಕೆಲಸ ಕೆಡುವುದು ಇಲ್ಲೇ. ಪ್ರತಿ ಗೆಡ್ಡೆಯ ಬುಡದಲ್ಲಿ, ಕಬ್ಬಿನ ಗೆಣ್ಣಿನಲ್ಲಿರುವಂತೆ, ಒಂದೆರಡು ಕಣ್ಣು ಇರುತ್ತವೆ. ಉಬ್ಬಿ ಹಸಿರಾಗಿರುವ ಕಣ್ಣು ಹೊಸ ಮೊಳಕೆಯಾಗುತ್ತದೆ. ಒಣಗಿ ಕಂದಾದದ್ದು ಹೋದಂತೆ. ಬುಡಕಾಂಡ ಎಲ್ಲೆಲ್ಲಿ ಕವಲೊಡೆದಿದೆ, ಎಷ್ಟು ದಿಕ್ಕಿಗೆ ಮೊಳಕೆ ಹೊರಟಿದೆ ಎಣಿಸಿ. ತುಂಡುಗಳ ಸಂಖ್ಯೆಯನ್ನು ನಿರ್ಧರಿಸುವುದು ಆ ದಿಕ್ಕುಗಳು. ಪ್ರತಿ ತುಂಡಿಗೂ ಒಂದು ಮೊಳಕೆ ಅಥವಾ ಉಬ್ಬಿದ ಕಣ್ಣು, ಅದರ ಹಿಂದೆ ಮೂರರಿಂದ ನಾಲ್ಕು ಬಲಿತ ಗೆಡ್ಡೆ ಇರಬೇಕು. ಐದಿದ್ದರೆ ಇನ್ನೂ ಒಳ್ಳೆಯದು. ಇಪ್ಪತ್ತು ಗೆಡ್ಡೆಯ ಗಿಡದಿಂದ ನಾಲ್ಕು ತುಂಡು ಬಂದರೆ ಅದು ಒಳ್ಳೆಯ ಫಸಲು.

ಗೆಡ್ಡೆ ಗೆಡ್ಡೆಯ ನಡುವಿನ ಬುಡಕಾಂಡವನ್ನು ಒಂದೇ ಏಟಿಗೆ ನೇರವಾಗಿ ಕತ್ತರಿಸಿ. ಕೊಯ್ದ ಮುಖವನ್ನು ಬೆಳಕಿಗೆ ಹಿಡಿದು ನೋಡಿ: ಬಿಳಿ ಅಥವಾ ತಿಳಿಹಸಿರು ಇದ್ದರೆ ಆರೋಗ್ಯ. ಒಳಗೆ ನೇರಳೆ ಅಥವಾ ಗುಲಾಬಿ ಬಳೆಯಂಥ ಉಂಗುರ ಕಂಡರೆ ಅದು ಫ್ಯುಸೇರಿಯಂ ಶಿಲೀಂಧ್ರ. ಉಂಗುರ ಮಾಯವಾಗುವ ತನಕ, ಪ್ರತಿ ಸಲ ಚಾಕು ಕಾಯಿಸುತ್ತ, ಒಂದೊಂದೇ ಗೆಡ್ಡೆ ಹಿಂದೆ ಸರಿದು ಕತ್ತರಿಸಿ. ಕೊನೆಗೂ ಮಾಯವಾಗದಿದ್ದರೆ ಇಡೀ ತುಂಡನ್ನು ಕಸಕ್ಕೆ ಹಾಕಿ. ಬೇರೆ ಗಿಡಗಳ ಪಕ್ಕ ಇಟ್ಟು ಕಾಯುವುದು ಬೇಡ.

ಕೊಯ್ದ ಮುಖಕ್ಕೆ ಚಕ್ಕೆ ಪುಡಿ ಒತ್ತಿ. ಬೇರಿಗೆ ಮಾತ್ರ ತಾಗಿಸಬೇಡಿ, ಚಕ್ಕೆ ಬೇರನ್ನು ಒಣಗಿಸುತ್ತದೆ. ಇಲ್ಲವೇ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಕಲಸಿದ ನೀರಿನಲ್ಲಿ ತುಂಡನ್ನು ಹತ್ತು ನಿಮಿಷ ಅದ್ದಿ ತೆಗೆಯಿರಿ. ತಾಮ್ರದ ಔಷಧಗಳನ್ನು ಡೆಂಡ್ರೋಬಿಯಂ ಹತ್ತಿರ ತರಬೇಡಿ, ಎಳೆ ಮೊಳಕೆ ಸುಡುತ್ತದೆ. ಬಳಿಕ ನೆರಳಲ್ಲಿ, ಗಾಳಿಯಾಡುವಲ್ಲಿ ಒಂದು ದಿನ ಬಿಡಿ. ಗಿಡ ಬಾಡೀತೆಂಬ ಭಯ ಬೇಡ.

ಡೆಂಡ್ರೋಬಿಯಂನ ಎಲೆಯುದುರಿದ ಹಳೆ ಕೋಲನ್ನು ಒಣಕಲೆಂದು ಕತ್ತರಿಸುವವರಿದ್ದಾರೆ. ಹಸಿರಾಗಿಯೋ ಹಳದಿಯಾಗಿಯೋ ಗಟ್ಟಿಯಾಗಿದ್ದರೆ ಅದು ಗಿಡದ ಉಗ್ರಾಣ. ಅದೇ ಕೋಲಿನಿಂದ ಮುಂದೆ ಮತ್ತೆ ಹೂ ಬರುವುದೂ ಉಂಟು. ಕಂದಾಗಿ ಟೊಳ್ಳಾದದ್ದನ್ನಷ್ಟೇ ತೆಗೆಯಿರಿ. ಕೋಲಿನ ತುದಿಯಲ್ಲಿ ಹುಟ್ಟಿದ ಮರಿಗೆ, ಅಂದರೆ ಕೇಕಿಗೆ, ನಾಲ್ಕೈದು ಸೆಂಟಿಮೀಟರ್ ಬೇರು ಬಂದ ಮೇಲೆ ಬೇರ್ಪಡಿಸಿ.

ಕ್ಯಾಟ್ಲಿಯಾ ಬೆಲೆಬಾಳುವಂಥದ್ದು, ಕಳೆದುಕೊಳ್ಳಲು ಮನಸ್ಸಿಲ್ಲ ಎಂದಾದರೆ ಇನ್ನೊಂದು ದಾರಿಯಿದೆ. ಒಡೆಯುವ ಐದಾರು ತಿಂಗಳು ಮೊದಲು, ಮಳೆ ಹೋದ ಅಕ್ಟೋಬರ್‌ನಲ್ಲಿ, ಗಿಡ ಕುಂಡದಲ್ಲೇ ಇರುವಾಗ ಬುಡಕಾಂಡವನ್ನು ಬೇಕಾದಲ್ಲಿ ಕತ್ತರಿಸಿ ಹಾಗೇ ಬಿಟ್ಟುಬಿಡಿ. ಮುಂದಿನ ಮೊಳಕೆಯ ಹಿಡಿತ ತಪ್ಪಿದ ಹಿಂದಿನ ಗೆಡ್ಡೆಗಳ ಮಲಗಿದ್ದ ಕಣ್ಣು ಏಳುತ್ತದೆ. ಮಾರ್ಚ್‌ನಲ್ಲಿ ತೆಗೆದಾಗ ಹಳೆ ತುಂಡಿಗೂ ಅದರದೇ ಮೊಳಕೆ ಇರುತ್ತದೆ. ತಡವಾದರೂ ಇದೇ ಎಲ್ಲಕ್ಕಿಂತ ಭದ್ರ.

ನೆಡುವುದು

ಕುಂಡದ ತಳಕ್ಕೆ ಎರಡಿಂಚು ದೊಡ್ಡ ಹೆಂಚಿನ ಚೂರು ಹಾಕಿ. ತುಂಡಿನ ಹಳೆಯ ತುದಿಯನ್ನು ಕುಂಡದ ಅಂಚಿಗೆ ಒತ್ತಿ, ಹೊಸ ಮೊಳಕೆ ನಡುವಿನತ್ತ ಮುಖ ಮಾಡುವಂತೆ ಇಡಿ. ಮುಂದೆ ಎರಡು ವರ್ಷದ ಗೆಡ್ಡೆಗೆ ಜಾಗ ಇರಲಿ. ಬೇರುಗಳ ನಡುವೆ ಮಿಶ್ರಣ ಸುರಿದು, ಕುಂಡವನ್ನು ನೆಲಕ್ಕೆ ತಟ್ಟಿ ತಟ್ಟಿ ಕೂರಿಸಿ. ಬುಡಕಾಂಡ ಮಿಶ್ರಣದ ಮೇಲೆಯೇ ಕಾಣಬೇಕು. ಹೂತರೆ ಮೊದಲು ಕೊಳೆಯುವುದು ಆ ಎಳೆ ಕಣ್ಣು.

ಗಿಡ ಅಲುಗಾಡಬಾರದು. ಒಂದು ಗೆಡ್ಡೆ ಹಿಡಿದು ಎತ್ತಿದರೆ ಕುಂಡವೂ ಜೊತೆಗೆ ಏಳಬೇಕು. ಹಾಗಾಗದಿದ್ದರೆ ಬಿದಿರು ಕಡ್ಡಿ ಚುಚ್ಚಿ ಹತ್ತಿ ದಾರದಿಂದ ಕಟ್ಟಿ. ಸಮುದ್ರದ ಗಾಳಿ ಹೊಡೆಯುವ ಎತ್ತರದ ಮಹಡಿಗಳಲ್ಲಿ ಹೊಸ ಬೇರಿನ ತುದಿ ಸವೆಯುವುದು ಈ ಅಲುಗಾಟದಿಂದಲೇ.

ಮೊದಲ ಆರು ವಾರ

ಮೊದಲ ವಾರ ಬುಡಕ್ಕೆ ನೀರಿಲ್ಲ. ಬೆಳಗ್ಗೆ ಎಲೆ ಮತ್ತು ಗೆಡ್ಡೆಗೆ ನವಿರಾಗಿ ಸಿಂಪಡಿಸಿ, ಸಂಜೆಯೊಳಗೆ ಆರಿರಲಿ. ಪುಣೆಯಲ್ಲಿ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಬೆಳಕಿರಲಿ, ನೇರ ಬಿಸಿಲು ಬೇಡ. ಎರಡನೇ ವಾರದಿಂದ, ಮಿಶ್ರಣ ಒಣಗಿದ ಮೇಲಷ್ಟೇ ನೀರು. ಹೊಸ ಬೇರು ಐದು ಸೆಂಟಿಮೀಟರ್ ದಾಟುವವರೆಗೆ ಗೊಬ್ಬರ ಹಾಕಬೇಡಿ. ಆಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂನಂತೆ ವಾರಕ್ಕೊಮ್ಮೆ, ನಾಲ್ಕನೇ ವಾರ ಬರೀ ನೀರು. ಬೇರು ಹಿಡಿದ ಬಳಿಕ ಡೆಂಡ್ರೋಬಿಯಂ, ಕ್ಯಾಟ್ಲಿಯಾಗಳನ್ನು ಮೆಲ್ಲಮೆಲ್ಲಗೆ ಹತ್ತು ಗಂಟೆಯವರೆಗಿನ ಬೆಳಗಿನ ಬಿಸಿಲಿಗೆ ತನ್ನಿ. ಪಡುವಣ ಬಾಲ್ಕನಿಯಾದರೆ 50 ಶೇಕಡಾ ನೆರಳು ಬಲೆ ಕಟ್ಟಲೇಬೇಕು.

ನೀರಿನ ಬಗ್ಗೆ ಒಂದು ಮಾತು. ಮುಂಬೈ, ಪುಣೆಯ ಕೊಳಾಯಿಗೆ ಬರುವ ಕೆರೆ, ಅಣೆಕಟ್ಟಿನ ನೀರು ಆರ್ಕಿಡ್‌ಗೆ ಚೆನ್ನಾಗಿಯೇ ಹೊಂದುತ್ತದೆ. ಸೊಸೈಟಿ ತರಿಸುವ ಟ್ಯಾಂಕರ್, ಬೋರ್‌ವೆಲ್ ನೀರಿನಲ್ಲಿ ಉಪ್ಪು ಹೆಚ್ಚಿರಬಹುದು. ಕುಂಡದ ಹೊರಮೈಯ ಬಿಳಿ ಪೊರೆ ಅದರ ಗುರುತು. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ 200ರ ಒಳಗೆ ತೋರಿಸಿದರೆ ನಿಶ್ಚಿಂತೆ, 500 ದಾಟಿದರೆ ಬೇಡ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕಿ ಉಳಿತಾಯ ಮಾಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಸೇರಿಕೊಂಡ ನೀರದು, ಆರ್ಕಿಡ್‌ಗೆ ವಿಷ.

ಬೇರೇ ಉಳಿಯದ ತುಂಡು

ಬೇರಿಲ್ಲದ ಹಳೆ ಗೆಡ್ಡೆಗಳನ್ನೂ ಗಟ್ಟಿಯಿದ್ದರೆ ಉಳಿಸಬಹುದು. ಸ್ಫ್ಯಾಗ್ನಂ ಪಾಚಿಯನ್ನು ನೆನೆಸಿ, ಒಂದು ಹನಿಯೂ ಜಿನುಗದಂತೆ ಹಿಂಡಿ, ಒಂದು ಹಿಡಿಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಗೆಡ್ಡೆಯನ್ನು ಅದರ ಮೇಲಿಟ್ಟು, ಬಾಯಿ ಕಟ್ಟಿ, ಬಿಸಿಲು ಬೀಳದ ಬೆಳಕಲ್ಲಿ ನೇತುಹಾಕಿ. ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸಿ, ಬೂಷ್ಟು ಕಂಡರೆ ಪಾಚಿ ಬದಲಿಸಿ. ಕಣ್ಣು ಏಳಲು ಒಂದೆರಡು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಹೂವಿಗೆ ಇನ್ನೆರಡು ಮೂರು ವರ್ಷ. ಮಾಮೂಲಿ ನೇರಳೆ ಡೆಂಡ್ರೋಬಿಯಂಗೆ ಇಷ್ಟೆಲ್ಲ ಪಾಡು ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮತ್ತೆ ಸಿಗದ ಗಿಡಕ್ಕಾದರೆ ಮಾಡಿ.

ಮೊದಲ ಮಳೆಗಾಲ

ಒಡೆದು ನೆಟ್ಟ ಗಿಡವನ್ನು ಆ ವರ್ಷ ಮಳೆಗೆ ಬಿಡಬೇಡಿ. ಮೊಳಕೆಯ ಬುಡದಿಂದ ಕಪ್ಪು ಏರುತ್ತ, ಎಲೆ ಮುಟ್ಟಿದರೆ ಕಳಚಿ ಬಂದರೆ ಅದು ಕಪ್ಪು ಕೊಳೆ. ಒಂದೆರಡು ದಿನದಲ್ಲಿ ಗೆಡ್ಡೆಯಿಂದ ಗೆಡ್ಡೆಗೆ ಹೋಗುತ್ತದೆ, ನಾಳೆ ನೋಡೋಣ ಎನ್ನುವ ರೋಗವಲ್ಲ. ಕಪ್ಪಿನಿಂದ ಒಂದು ಗೆಡ್ಡೆ ಆಚೆಗೆ, ಶುಭ್ರ ಭಾಗ ಸಿಗುವಲ್ಲಿ ಕತ್ತರಿಸಿ, ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಸಿಂಪಡಿಸಿ, ಗಿಡವನ್ನು ಒಣ ಜಾಗಕ್ಕೆ ಸರಿಸಿ.

ಬೇರಿನ ಹಸಿರು ತುದಿ ರಾತ್ರೋರಾತ್ರಿ ಮಾಯವಾದರೆ ಬಸವನಹುಳು ಅಥವಾ ಜಿರಳೆ. ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು ಕುಂಡದ ತಳದ ತೂತು ನೋಡಿ, ಕಳ್ಳ ಅಲ್ಲೇ ಸಿಗುತ್ತಾನೆ. ಸೌತೆಕಾಯಿ ಬಿಲ್ಲೆಯೊಂದನ್ನು ಮಿಶ್ರಣದ ಮೇಲಿಟ್ಟರೆ ಹುಳು ತಾನಾಗಿ ಬಂದು ಕೂರುತ್ತದೆ. ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ ನಿಜ, ಆದರೆ ನಾಯಿ, ಬೆಕ್ಕು ತಿಂದರೆ ಪ್ರಾಣಾಪಾಯ. ಸಾಕುಪ್ರಾಣಿ ಇರುವ ಮನೆಯಲ್ಲಿ ಬೇಡ.

ವಾಂಡಾ, ಸೀತಾಳೆ, ಸಿಂಬಿಡಿಯಂ

ಕೆಳಗಿನ ಎಲೆ ಉದುರಿ ಉದ್ದುದ್ದ ಹೋದ ವಾಂಡಾ, ಮೊಕಾರಾಗಳ ಮೇಲ್ಭಾಗದಲ್ಲಿ ಕಾಂಡದಿಂದ ಹೊರಟ ಗಟ್ಟಿ ಬೇರು ಕನಿಷ್ಠ ಮೂರಿದ್ದರೆ, ಆ ಬೇರುಗಳ ಕೆಳಗೆ ಕಾಂಡ ಕತ್ತರಿಸಿ ತಲೆಯನ್ನು ಬುಟ್ಟಿಗೆ ಕಟ್ಟಿ. ಎರಡು ಬೇರಿಗೆ ಆಸೆಪಟ್ಟು ಕತ್ತರಿಸಬೇಡಿ. ಉಳಿದ ಮೋಟಿನಲ್ಲಿ ಒಂದೆರಡು ಎಲೆ ಇದ್ದರೆ ಅಲ್ಲಿಂದ ಮರಿ ಒಡೆಯುತ್ತದೆ, ಬಿಸಾಡಬೇಡಿ.

ಮಲೆನಾಡಿನವರಿಗೆ ಗೊತ್ತಿರುವ ಸೀತಾಳೆ ದಂಡೆ, ಅಂದರೆ ರಿಂಕೊಸ್ಟೈಲಿಸ್ ರೆಟ್ಯೂಸಾ, ಗೋವಾದ ಮರಗಳ ಮೇಲೂ ಬೆಳೆಯುತ್ತದೆ. ಅದರ ದಪ್ಪ ಬೇರಿಗೆ ಕೈ ತಾಗುವುದೇ ಇಷ್ಟವಿಲ್ಲ. ಬುಡದ ಮರಿಗೆ ತನ್ನದೇ ನಾಲ್ಕು ಬೇರು ಬಂದ ಹೊರತು ಬಿಡಿಸಬೇಡಿ, ಕಾಡಿನಿಂದ ಕಿತ್ತು ತರಲಂತೂ ಬೇಡಿ. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನು ಮಾವಿನ ಕೊಂಬೆಗೋ ಹಲಸಿನ ಹಲಗೆಗೋ ಕಟ್ಟಿಬಿಟ್ಟರೆ ಮರು ನಾಟಿಯ ರಗಳೆಯೇ ಇಲ್ಲ.

ಸಿಂಬಿಡಿಯಂ ಒಡೆಯುವುದು ಸುಲಭ, ಮೂರು ನಾಲ್ಕು ಗೆಡ್ಡೆಯ ಅದೇ ಲೆಕ್ಕ. ಆದರೆ ಅಂಗಡಿಯಲ್ಲಿ ಸಿಗುವ ದೊಡ್ಡ ಹೂವಿನ ತಳಿಗಳು ಹೂದಂಟು ಎಬ್ಬಿಸಲು ಕೆಲವು ವಾರ ರಾತ್ರಿ 10ರಿಂದ 15 ಡಿಗ್ರಿ ತಂಪು ಬೇಡುತ್ತವೆ. ಮುಂಬೈ, ಗೋವಾದಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಅದನ್ನು ನಾಲ್ಕು ಮಾಡಿದರೆ ಹೂ ಬಿಡದ ಒಂದು ಕುಂಡ ಹೋಗಿ ನಾಲ್ಕಾಗುತ್ತವೆ, ಅಷ್ಟೆ. ಪುಣೆಯಲ್ಲಿ ತೆರೆದ ಟೆರೇಸಿನ ಮನೆಯವರಿದ್ದರೆ ಅವರಿಗೆ ಕೊಟ್ಟು ನೋಡಿ. ಅಕ್ಟೋಬರ್‌ನಿಂದ ಜನವರಿಯವರೆಗೆ ರಾತ್ರಿ ಹೊರಗೇ ಇಡಲು ಹೇಳಿ.